ಸಂಸ್ಕೃತ, ಇಂಗ್ಲಿಷ್ ನಿಘಂಟುಗಳಿಂದಲೇ ಮೂಲ ಇಂಡೋ-ಯುರೋಪಿಯನ್ ವ್ಯಂಜನಗಳನ್ನು ಕಂಡುಕೊಳ್ಳಬಹುದೇ, ಇಲ್ಲವೇ ಮೊದಲು ಲ್ಯಾಟಿನ್ ಕಲಿಯಬೇಕೇ?

ನಾನೂ ಆ ಎರಡು ನಿಘಂಟುಗಳನ್ನು ಎದುರಿಗಿಟ್ಟುಕೊಂಡೇ ಆರಂಭಿಸಿದವಳು. ಸಂಸ್ಕೃತ, ಲ್ಯಾಟಿನ್, ಇಂಗ್ಲಿಷ್‌ಗಳಿಗೆಲ್ಲ ಪೂರ್ವಜವಾದ ಆ ಮೂಲಭಾಷೆಯ ತಕಾರವು ಇಂಗ್ಲಿಷ್, ಜರ್ಮನ್ ಮೊದಲಾದ ಜರ್ಮಾನಿಕ್ ಭಾಷೆಗಳಲ್ಲಿ ಏನಾಯಿತು ಎಂಬುದು ನನ್ನ ಎಂ.ಎ. ಪ್ರಬಂಧದ ವಿಷಯವಾಗಿತ್ತು. ಪಿತಾ–ಫಾದರ್, ಮಾತಾ–ಮದರ್, ಭ್ರಾತಾ–ಬ್ರದರ್: ಮೂರರಲ್ಲೂ ತಕಾರದ ಜಾಗದಲ್ಲಿ ಒಂದೇ ಘರ್ಷಧ್ವನಿ (ಉಸಿರು ಉಜ್ಜಿಕೊಂಡು ಹೊರಡುವ ಧ್ವನಿ). ಮೂಲಭಾಷೆಯ ಪ, ತ, ಕಗಳು ಜರ್ಮಾನಿಕ್‌ನಲ್ಲಿ ಘರ್ಷಧ್ವನಿಗಳಾದವು ಎಂದು ಯಾಕೋಬ್ ಗ್ರಿಮ್ 1822ರಲ್ಲಿ ನಿರೂಪಿಸಿದ ನಿಯಮಕ್ಕೆ ಇನ್ನೇನು ಬೇಕು ಎಂದುಕೊಂಡು ಆರು ತಿಂಗಳು ಕುಳಿತು ಒಂದು ಅಧ್ಯಾಯ ಬರೆದೆ. ಓದಿ ಮುಗಿಸಿದ ಮಾರ್ಗದರ್ಶಕರು ಕೇಳಿದ್ದು ಇಷ್ಟೇ: "ಜರ್ಮನ್ನಿನಲ್ಲಿ ಫಾಟರ್, ಮುಟರ್ ಎಂದು ಟಕಾರವಿದೆ. ಬ್ರೂಡರ್‌ಗೆ ಮಾತ್ರ ಡಕಾರ ಏಕೆ ಬಂತಮ್ಮ?" ನನ್ನಲ್ಲಿ ಉತ್ತರವಿರಲಿಲ್ಲ. ಅಧ್ಯಾಯವನ್ನು ಕೈಬಿಡಬೇಕಾಯಿತು.

ನನ್ನ ತಪ್ಪು ಒಂದೇ, ಆದರೆ ಅದನ್ನು ಬಿಡಿಸಿ ಹೇಳಲೇಬೇಕು. ಸಂಸ್ಕೃತ ಪದಗಳನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಳ್ಳುವಾಗ ವೇದದ ಸ್ವರಚಿಹ್ನೆಗಳು ಪಠಣಕ್ಕೆ ಮಾತ್ರ ಬೇಕಾದವು ಎಂದು ತಿಳಿದು ಬಿಟ್ಟುಬಿಟ್ಟಿದ್ದೆ. ಋಗ್ವೇದದ ಪುಟದಲ್ಲಿ 'ಪಿತಾ' ಎಂಬಲ್ಲಿ 'ಪಿ'ಯ ಕೆಳಗೆ ಅಡ್ಡಗೆರೆಯಿರುತ್ತದೆ, ಅಂದರೆ ಅದು ಅನುದಾತ್ತ (ತಗ್ಗಿದ ಸ್ವರ), ಉದಾತ್ತ (ಏರಿದ ಸ್ವರ) ಇರುವುದು 'ತಾ' ಮೇಲೆ. 'ಮಾತಾ' ಕೂಡ ಹಾಗೆಯೇ. 'ಭ್ರಾತಾ' ಪದದಲ್ಲಿ ಮಾತ್ರ ಉದಾತ್ತವು ಮೊದಲ ಅಕ್ಷರದ ಮೇಲಿದೆ. ಡೆನ್ಮಾರ್ಕಿನ ಕಾರ್ಲ್ ವರ್ನರ್ 1877ರಲ್ಲಿ ಪ್ರಕಟವಾದ ಲೇಖನದಲ್ಲಿ ತೋರಿಸಿದ್ದು ಇದನ್ನೇ: ಹಿಂದಿನ ಅಕ್ಷರದ ಮೇಲೆ ಉದಾತ್ತವಿದ್ದರೆ ಗ್ರಿಮ್ ಹೇಳಿದ ಅಘೋಷ (ಕಂಠ ಕಂಪಿಸದ) ಘರ್ಷಧ್ವನಿ ಹಾಗೆಯೇ ಉಳಿಯುತ್ತದೆ, ಇಲ್ಲದಿದ್ದರೆ ಪದಮಧ್ಯದಲ್ಲಿ ಘೋಷ (ಕಂಠ ಕಂಪಿಸುವ ಧ್ವನಿ) ಆಗುತ್ತದೆ. ಮುಂದೆ ಜರ್ಮನ್ನಿನಲ್ಲಿ ಘೋಷವಾದದ್ದು ಟಕಾರವಾಯಿತು, ಅಘೋಷವಾಗಿ ಉಳಿದದ್ದು ಬ್ರೂಡರ್‌ನ ಡಕಾರವಾಯಿತು. ಜರ್ಮಾನಿಕ್‌ನಲ್ಲಿ ಆ ಉದಾತ್ತವೇ ಅಳಿಸಿಹೋಯಿತು, ಅದರ ಗುರುತು ವ್ಯಂಜನದಲ್ಲಿ ಉಳಿಯಿತು. ಇಂಗ್ಲಿಷ್ ಅದನ್ನೂ ಮುಚ್ಚಿಟ್ಟಿದೆ: ಹಳೆಯ ಇಂಗ್ಲಿಷಿನಲ್ಲಿ ತಂದೆ-ತಾಯಿಯರ ಪದಗಳಲ್ಲಿ ಡಕಾರವಿತ್ತು, ಇಂದಿನ ಘರ್ಷಧ್ವನಿ ಶತಮಾನಗಳ ನಂತರ ಬಂದದ್ದು.

ಆದ್ದರಿಂದ ಲ್ಯಾಟಿನ್ ಮೊದಲೋ ಅಲ್ಲವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪತೆರ್, ಮಾತೆರ್, ಫ್ರಾತೆರ್ ಮೂರರಲ್ಲೂ ಲ್ಯಾಟಿನ್ ತಕಾರವನ್ನೇ ಉಳಿಸಿಕೊಂಡಿದೆ, ಒತ್ತಿನ ಸ್ಥಾನವನ್ನು ತನ್ನದೇ ನಿಯಮದಂತೆ ಬದಲಿಸಿಕೊಂಡಿದೆ. ಅದನ್ನು ಕಲಿತಿದ್ದರೂ ನನ್ನ ಅಧ್ಯಾಯ ಉಳಿಯುತ್ತಿರಲಿಲ್ಲ. (ಗ್ರೀಕ್ ಸ್ವಲ್ಪ ನೆರವಾಗುತ್ತದೆ, ಆದರೆ ತಾಯಿಯ ಪದದಲ್ಲಿ ಅದರ ಸ್ವರವೂ ಮೊದಲಕ್ಷರಕ್ಕೆ ಸರಿದಿದೆ.) ಯಾವ ಭಾಷೆ ಎಂದು ಕೇಳುವ ಮೊದಲು ಯಾವ ಕಾಲದ ರೂಪ ಎಂದು ಕೇಳಿ. ಸಸ್ವರ ವೇದಪಾಠ, ಗೋಥಿಕ್ (ಒಂದು ಪ್ರಾಚೀನ ಜರ್ಮಾನಿಕ್ ಭಾಷೆ), ಹಳೆಯ ಇಂಗ್ಲಿಷ್ ರೂಪಗಳನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳಿ. ನಾಳೆಯೇ 'ಸಪ್ತ' ತೆಗೆದುಕೊಳ್ಳಿ: ಗ್ರಿಮ್ ನಿಯಮದಂತೆ ಪಕಾರಕ್ಕೆ ಫಕಾರ ಬರಬೇಕಿತ್ತು, ಗೋಥಿಕ್‌ನಲ್ಲಿರುವುದು 'ಸಿಬುನ್'. ಋಗ್ವೇದದಲ್ಲಿ 'ಸ'ಕಾರದ ಕೆಳಗೆ ಗೆರೆ ಇದೆಯೇ ನೋಡಿ.