ಅಗಲವಾಗುತ್ತಿದ್ದ ಬೈತಲೆ, ಎಂಟು ಸಿಟ್ಟಿಂಗಿನ ಪ್ಯಾಕೇಜು

(ಗುರುತು ಸಿಗದಂತೆ ಹೆಸರು, ಊರು, ಉದ್ಯೋಗದ ವಿವರಗಳನ್ನು ಬದಲಿಸಲಾಗಿದೆ.)

ಸುಮಾ ಎಂದು ಕರೆಯೋಣ. ವಯಸ್ಸು 33, ದಾವಣಗೆರೆ ಕಡೆಯ ಹೈಸ್ಕೂಲು ಶಿಕ್ಷಕಿ, ಐದು ವರ್ಷದ ಮಗಳಿದ್ದಾಳೆ. ಅಕ್ಟೋಬರ್ ಕೊನೆಯಲ್ಲಿ ಆಪ್ತಸಲಹೆಗೆ ಬಂದಾಗ ಒಂದು ಪ್ಲಾಸ್ಟಿಕ್ ಕವರಿನ ತುಂಬ ಉದುರಿದ ಕೂದಲು ತಂದಿದ್ದರು. ಜೊತೆಗೆ ಒಂದು ಹೇರ್ ಕ್ಲಿನಿಕ್ಕಿನ ಕೊಟೇಶನ್: ಎಂಟು ಸಿಟ್ಟಿಂಗ್ ಪಿಆರ್‌ಪಿ (ನಮ್ಮದೇ ರಕ್ತದಿಂದ ಪ್ಲೇಟ್‌ಲೆಟ್ ಕಣಗಳು ದಟ್ಟವಾಗಿರುವ ಭಾಗವನ್ನು ಬೇರ್ಪಡಿಸಿ ತಲೆಗೆ ಚುಚ್ಚುವುದು) 56,000 ರೂಪಾಯಿ, ಆ ವಾರದೊಳಗೆ ಕಟ್ಟಿದರೆ 44,000, ಬೇಕಿದ್ದರೆ ಕಂತು.

"ಎಣ್ಣೆ ಹಚ್ಚಾಕ ಕೈ ಹಾಕಿದ್ರ ಹಿಡಿ ಹಿಡಿ ಬರ್ತಾವ ಮೇಡಂ. ಜಡೆ ಇಲಿಬಾಲ ಆಗೇತಿ. ಹೂ ಮುಡಿದ್ರ ನಿಲ್ಲಂಗಿಲ್ಲ," ಎಂದರು. ಬೋರ್‌ವೆಲ್ ನೀರೇ ಕಾರಣ ಎಂಬುದು ಅತ್ತೆಯ ಮಾತು. ಸಾಲ ಮಾಡಿ ತಲೆಗೆ ಸೂಜಿ ಯಾಕೆ ಎಂಬುದು ಗಂಡನ ಮಾತು. ಕ್ಲಿನಿಕ್ಕಿನವರು ಹೇಳಿದ್ದು, ತಡ ಮಾಡಿದರೆ ಕೂದಲಿನ ಬೇರೇ ಸತ್ತುಹೋಗುತ್ತದೆ ಎಂದು. ಈ ಮೂರನೆಯ ಮಾತಿನಿಂದಾಗಿ ಅವರಿಗೆ ಮೂರು ವಾರದಿಂದ ಸರಿಯಾಗಿ ನಿದ್ದೆ ಇರಲಿಲ್ಲ.

ಮೊದಲ ಭೇಟಿಯಲ್ಲಿ ಪಿಆರ್‌ಪಿ ಮಾಡಿಸಬೇಕೋ ಬೇಡವೋ ಎಂಬ ಚರ್ಚೆಗೆ ನಾವು ಹೋಗಲೇ ಇಲ್ಲ. ಕೇಳಿದ್ದು ಹಿಂದಿನ ಆರು ತಿಂಗಳ ಕಥೆ. ಜುಲೈನಲ್ಲಿ ಡೆಂಗಿ ಬಂದು ಪ್ಲೇಟ್‌ಲೆಟ್ 38,000ಕ್ಕೆ ಇಳಿದಿತ್ತು. ಮೂರು ವಾರ ಗಂಜಿ ಬಿಟ್ಟರೆ ಬೇರೆ ಊಟ ಸೇರಿರಲಿಲ್ಲ. ಕೂದಲು ಉದುರಲು ಶುರುವಾದದ್ದು ಸೆಪ್ಟೆಂಬರ್ ಕೊನೆಗೆ.

ಈ ಎರಡು ಮೂರು ತಿಂಗಳ ಅಂತರ ಬಹಳ ಹೇಳುತ್ತದೆ. ಜೋರು ಜ್ವರ, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ, ಊಟ ಬಿಟ್ಟು ತೂಕ ಇಳಿಸುವುದು, ಇಂಥ ಯಾವ ಪೆಟ್ಟು ಬಿದ್ದರೂ ಬೆಳೆಯುತ್ತಿದ್ದ ಕೂದಲು ಗುಂಪಾಗಿ ವಿಶ್ರಾಂತಿಯ ಹಂತಕ್ಕೆ ಹೋಗಬಹುದು. ಆ ಹಂತ ಸುಮಾರು ಮೂರು ತಿಂಗಳಿನದು, ಅದು ಮುಗಿದಾಗ ಎಲ್ಲ ಒಟ್ಟಿಗೆ ಉದುರುತ್ತದೆ. ವೈದ್ಯರು ಇದನ್ನು ಟೆಲೋಜೆನ್ ಎಫ್ಲೂವಿಯಮ್ ಎನ್ನುತ್ತಾರೆ. ಬೇರು ಸಾಯುವುದಿಲ್ಲ, ಕಾರಣ ಸರಿಹೋದರೆ ಹೆಚ್ಚಿನವರಲ್ಲಿ ಮೂರರಿಂದ ಆರು ತಿಂಗಳಲ್ಲಿ ಉದುರುವಿಕೆ ತಾನಾಗಿ ನಿಲ್ಲುತ್ತದೆ. ಈ ಅವಧಿಯಲ್ಲಿ ಪಿಆರ್‌ಪಿ ಮಾಡಿಸಿದರೆ ಹೇಗೂ ನಿಲ್ಲುತ್ತಿದ್ದದ್ದಕ್ಕೆ ಸೂಜಿಗೆ ಹೆಸರು ಬರುತ್ತದೆ. ಪ್ಯಾಕೇಜು ಮಾರುವವರ ಬಳಿ ಇರುವ ಚಂದದ ಮೊದಲು-ಆಮೇಲೆ ಫೋಟೋಗಳಲ್ಲಿ ಇಂಥವು ಎಷ್ಟೋ ಇರಬಹುದು ಎಂದು ಅವರಿಗೆ ನೇರವಾಗಿಯೇ ಹೇಳಿದೆವು.

ಆದರೆ ವಿಷಯ ಅಷ್ಟಕ್ಕೇ ಮುಗಿಯಲಿಲ್ಲ. ಅಮ್ಮನ ಬೈತಲೆ ಹೇಗಿದೆ ಎಂದು ಕೇಳಿದಾಗ, ನಲವತ್ತರಿಂದಲೇ ನೆತ್ತಿ ಕಾಣುತ್ತದೆ ಎಂದರು. ಫೋನಿನಲ್ಲಿ ಹಳೆಯ ಫೋಟೋ ಹುಡುಕಿಸಿದೆವು. ಮೂರು ವರ್ಷದ ಹಿಂದಿನ ತಂಗಿಯ ಮದುವೆಯಲ್ಲಿ ಬೈತಲೆ ದಾರದಷ್ಟು ಸಣ್ಣ. ಕಳೆದ ಯುಗಾದಿಯ ಫೋಟೋದಲ್ಲಿ, ಡೆಂಗಿ ಬರುವ ಮೊದಲೇ, ನಡುನೆತ್ತಿಯ ಕಡೆ ಆಗಲೇ ಅಗಲ. ಅಂದರೆ ವಂಶದಿಂದ ಬರುವ ನಿಧಾನದ ತೆಳುವಾಗುವಿಕೆಯ ಮೇಲೆ ಡೆಂಗಿಯ ಉದುರುವಿಕೆ ಬಂದು ಕೂತಿರಬಹುದಿತ್ತು. ಎರಡಕ್ಕೂ ದಾರಿ ಬೇರೆ. ಪಿಆರ್‌ಪಿಯ ಮಾತು ಸಲ್ಲುವುದು ಮುಖ್ಯವಾಗಿ ವಂಶದ ತೆಳುವಾಗುವಿಕೆಗೆ.

ಕೊಟೇಶನ್ ಕೊಟ್ಟವರು ಒಂದು ರಕ್ತಪರೀಕ್ಷೆಯನ್ನೂ ಮಾಡಿಸಿರಲಿಲ್ಲ. ಹಣ ಕಟ್ಟುವುದನ್ನು ತಡೆದು ಚರ್ಮವೈದ್ಯರಲ್ಲಿಗೆ ಕಳಿಸಿದೆವು. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವುದು), ಟಿಎಸ್‌ಎಚ್ (ಥೈರಾಯಿಡ್ ಪರೀಕ್ಷೆ) ಬರೆದರು. ಇಲ್ಲಿ ಎರಡು ಎಚ್ಚರಿಕೆ ಬೇಕಾಗುತ್ತದೆ. ಸುಮಾ ದಿನಾ 10 ಮಿಲಿಗ್ರಾಂ ಬಯೋಟಿನ್ (ಕೂದಲಿಗೆಂದು ಮಾರುವ ಒಂದು ಬಿ ವಿಟಮಿನ್) ಮಾತ್ರೆ ನುಂಗುತ್ತಿದ್ದರು. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯಿಡ್ ಪರೀಕ್ಷೆಯ ಅಂಕಿಯನ್ನು ತಪ್ಪು ತೋರಿಸಬಲ್ಲದು, ಆದ್ದರಿಂದ ಮೂರು ದಿನ ನಿಲ್ಲಿಸಿ ರಕ್ತ ಕೊಟ್ಟರು. ಫೆರಿಟಿನ್ ಜ್ವರ, ಸೋಂಕು ಇರುವಾಗ ಸುಳ್ಳಾಗಿ ಏರುತ್ತದೆ, ಹಾಗಾಗಿ ಅದನ್ನು ಆರಾಮಾದ ಮೇಲೆ ನೋಡಬೇಕು.

ಫಲಿತಾಂಶ: ಹಿಮೋಗ್ಲೋಬಿನ್ 9.8, ಫೆರಿಟಿನ್ 8, ಥೈರಾಯಿಡ್ ಸರಿ, ಪ್ಲೇಟ್‌ಲೆಟ್ 2.4 ಲಕ್ಷ. ಹಿಮೋಗ್ಲೋಬಿನ್ 10ರ ಕೆಳಗಿದ್ದರೆ ಸಾಮಾನ್ಯವಾಗಿ ಪಿಆರ್‌ಪಿಯನ್ನು ಮುಂದೂಡುತ್ತಾರೆ. ಒಂದು ಪರೀಕ್ಷೆ ಮಾಡಿಸಿದ್ದರೂ ಆ ಕ್ಲಿನಿಕ್ ಅವರನ್ನು ವಾಪಸು ಕಳಿಸಬೇಕಿತ್ತು.

ಫೆರಿಟಿನ್ 15ರ ಕೆಳಗೆ ಎಂದರೆ ಕಬ್ಬಿಣದ ದಾಸ್ತಾನು ಬರಿದು. ಕೂದಲಿನ ಮಟ್ಟಿಗೆ ಅದು 40ರ ಮೇಲಿರಲಿ ಎಂದು ಹಲವು ಚರ್ಮವೈದ್ಯರು ನೋಡುತ್ತಾರೆ. ಮಾತ್ರೆ ಬರೆದುಕೊಟ್ಟರೂ ಎರಡು ವಾರದ ಮೇಲೆ ಕೇಳಿದರೆ ಸುಮಾ ಅದನ್ನು ಬೆಳಗಿನ ಚಹಾದ ಜೊತೆ ನುಂಗುತ್ತಿದ್ದರು. ಚಹಾ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಎಲ್ಲವೂ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಎರಡು ಗಂಟೆ ಅಂತರ ಬಿಟ್ಟು ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ ಎಂದೆವು. ಹಿಮೋಗ್ಲೋಬಿನ್ ಸರಿಹೋದ ಮೇಲೂ ಮೂರು ತಿಂಗಳು ಬಿಡಬೇಡಿ ಎಂದು ವೈದ್ಯರು ಹೇಳಿದ್ದನ್ನು ಚೀಟಿಯಲ್ಲಿ ಬರೆದು ಕೊಟ್ಟೆವು. ಕಪ್ಪು ಮಲ, ಮಲಬದ್ಧತೆ ಕಂಡು ಅನೇಕರು ಮಧ್ಯದಲ್ಲೇ ನಿಲ್ಲಿಸಿಬಿಡುತ್ತಾರೆ.

ಭಯದ ಕಡೆಗೂ ಕೆಲಸವಿತ್ತು. ಕೂದಲು ಬರುತ್ತದೆಂದು ಹೆದರಿ ಅವರು ಹತ್ತು ದಿನಕ್ಕೊಮ್ಮೆ ಮಾತ್ರ ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು. ಯಾರಿಗೇ ಆದರೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತದೆ. ಹತ್ತು ದಿನದ್ದು ಜಡೆಯಲ್ಲೇ ಸಿಕ್ಕಿಕೊಂಡು ಒಂದೇ ಸಲ ಬಂದರೆ ಯಾರ ಎದೆಯಾದರೂ ಧಸಕ್ಕೆನ್ನುತ್ತದೆ. ವಾರಕ್ಕೆ ಎರಡು ಮೂರು ಸಲ ತಲೆಸ್ನಾನ, ಕವರಿನಲ್ಲಿ ಕೂಡಿಡುವುದು ಬಂದ್, ಎಣಿಸುವುದು ಬಂದ್. ಅದರ ಬದಲು ತಿಂಗಳಿಗೊಂದು ಫೋಟೋ: ಒಣ ಕೂದಲು, ನಡುಬೈತಲೆ, ಅದೇ ಕಿಟಕಿ, ಅದೇ ಹೊತ್ತು. ಬೇರೆ ಬೆಳಕಿನಲ್ಲಿ, ಒದ್ದೆ ತಲೆಯಲ್ಲಿ ತೆಗೆದದ್ದನ್ನು ಹೋಲಿಸಬಾರದು.

ಜನವರಿಗೆ ಉದುರುವಿಕೆ ಹದಕ್ಕೆ ಬಂತು. ಹಣೆಯಂಚಿನಲ್ಲಿ ಚಿಕ್ಕ ಚಿಕ್ಕ ಹೊಸ ಕೂದಲು ಕಂಡವು. ಆದರೆ ಬೈತಲೆ ಮಾತ್ರ ಹಾಗೇ ಅಗಲವಾಗಿತ್ತು. ಫೆಬ್ರವರಿಯಲ್ಲಿ ವೈದ್ಯರು ಡರ್ಮೋಸ್ಕೋಪ್ (ಚರ್ಮ, ಕೂದಲನ್ನು ದೊಡ್ಡದಾಗಿ ತೋರಿಸುವ ಮಸೂರ) ಇಟ್ಟು ನೋಡಿದಾಗ ನಡುನೆತ್ತಿಯಲ್ಲಿ ದಪ್ಪ, ತೆಳು, ನವಿರು ಕೂದಲು ಬೆರೆತು ಕಂಡವು. ವಂಶದ ತೆಳುವಾಗುವಿಕೆ ಖಚಿತವಾಯಿತು, ಅದೂ ಮೊದಲ ಹಂತದ್ದು. ಕೂದಲು ಬೆಳೆಯಲು ತಲೆಗೆ ಹಚ್ಚುವ ಮದ್ದಾದ 5% ಮಿನಾಕ್ಸಿಡಿಲ್ ದಿನಕ್ಕೊಮ್ಮೆ ಹಚ್ಚಲು ಬರೆದರು. ಮೊದಲ ಎರಡರಿಂದ ಎಂಟು ವಾರದಲ್ಲಿ ಇನ್ನಷ್ಟು ಉದುರಬಹುದು, ಅದು ಹಳೆಯ ಕೂದಲನ್ನು ಹೊಸದು ದೂಡುವುದು, ನಿಲ್ಲಿಸಬೇಡಿ ಎಂದು ಮೊದಲೇ ಹೇಳಿಟ್ಟೆವು. ಮೂರನೆಯ ವಾರ ಫೋನ್ ಬಂದೇ ಬಂತು. ಮೊದಲೇ ಹೇಳದಿದ್ದರೆ ಅವತ್ತೇ ಬಾಟಲಿ ಕಸದ ಬುಟ್ಟಿಗೆ ಹೋಗುತ್ತಿತ್ತು.

ಆರು ತಿಂಗಳಿಗೆ ಸುಧಾರಣೆ ಇತ್ತು, ಅವರ ಮನಸ್ಸಿಗೆ ಸಾಲುವಷ್ಟು ಇರಲಿಲ್ಲ. ಆಗಸ್ಟ್‌ನಲ್ಲಿ ಮತ್ತೆ ಪಿಆರ್‌ಪಿ ಕೇಳಿದರು. ಈಗ ಕಾರಣ ಗೊತ್ತಿತ್ತು, ಫೆರಿಟಿನ್ 46, ಹಿಮೋಗ್ಲೋಬಿನ್ 12.4, ಬೇರುಗಳು ಜೀವಂತ. ಬೇಡ ಎನ್ನಲು ನಮ್ಮ ಬಳಿ ಕಾರಣ ಇರಲಿಲ್ಲ. ಆದರೆ ಏನು ಕೊಳ್ಳುತ್ತಿದ್ದೇವೆ ಎಂದು ತಿಳಿದೇ ಕೊಳ್ಳಲಿ ಎಂದು ಒಂದಿಡೀ ಭೇಟಿ ಅದಕ್ಕೇ ಕೊಟ್ಟೆವು.

ಅವರ ಮೊದಲ ಪ್ರಶ್ನೆ ನಮಗೆ ಇಷ್ಟವಾಯಿತು: "ಡೆಂಗಿಯಾಗ ಪ್ಲೇಟ್‌ಲೆಟ್ ಸಲುವಾಗಿ ಒದ್ದಾಡಿದ್ವಿ. ಈಗ ಅದನ್ನ ತಗದು ತಲಿಗೆ ಚುಚ್ಚಿದ್ರ ಮತ್ತ ಕಡಿಮಿ ಆಗಂಗಿಲ್ಲೇನ್ರಿ?" ಆಗುವುದಿಲ್ಲ. ಮೈಯಲ್ಲಿ ಸುಮಾರು ಐದು ಲೀಟರು ರಕ್ತ, ತೆಗೆಯುವುದು 10ರಿಂದ 30 ಮಿಲಿಲೀಟರು. ಪ್ಲೇಟ್‌ಲೆಟ್ ಲೆಕ್ಕ 1.5 ಲಕ್ಷದಿಂದ 4.5 ಲಕ್ಷದ ನಡುವೆ ಇದ್ದರೆ ಸಾಕು. 1 ಲಕ್ಷದ ಕೆಳಗಿದ್ದರೆ ಮಾಡಬಾರದು.

ಆ ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಇರುವ ಟ್ಯೂಬಿಗೆ ಹಾಕಿ ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿ ವೇಗವಾಗಿ ತಿರುಗಿಸುತ್ತಾರೆ. ಕೆಂಪುಕಣ ತಳಕ್ಕೆ, ನಡುವೆ ತೆಳ್ಳನೆಯ ಬಿಳಿ ಪದರ, ಮೇಲೆ ಹುಲ್ಲಿನ ಬಣ್ಣದ ಪ್ಲಾಸ್ಮಾ. ಪ್ಲೇಟ್‌ಲೆಟ್ ದಟ್ಟವಾಗಿರುವುದು ಬಿಳಿ ಪದರದ ಪಕ್ಕದ ಪ್ಲಾಸ್ಮಾದಲ್ಲಿ. ಮೇಲಿನದನ್ನು ಬಿಟ್ಟು ಅದನ್ನು ತೆಗೆಯಬೇಕು. 20 ಮಿಲಿಲೀಟರಿಗೆ ಮೂರು ನಾಲ್ಕು ಮಿಲಿಲೀಟರ್ ಸಿಕ್ಕೀತು. ರಕ್ತದಲ್ಲಿರುವುದಕ್ಕಿಂತ ಮೂರರಿಂದ ಐದು ಪಟ್ಟು ಪ್ಲೇಟ್‌ಲೆಟ್ ಅದರಲ್ಲಿರಬೇಕು. ಎಡವುವುದು ಇಲ್ಲೇ. ಮೇಲಿನ ಪ್ಲಾಸ್ಮಾವನ್ನೆಲ್ಲ ಎಳೆದು ಹತ್ತು ಮಿಲಿಲೀಟರ್ ಚುಚ್ಚಿದರೆ ಸಿರಿಂಜು ತುಂಬಿರುತ್ತದೆ, ಒಳಗೆ ಪ್ಲೇಟ್‌ಲೆಟ್ ದಟ್ಟವಾಗಿರುವುದಿಲ್ಲ. ಕೆಂಪಾಗಿ ಬಂದರೆ ಕೆಂಪುಕಣ ಬೆರೆತಿದೆ ಎಂದರ್ಥ, ಉರಿ ಜಾಸ್ತಿ. ಲ್ಯಾಬಿನಲ್ಲಿ ಪರೀಕ್ಷೆಗೆ ಬಳಸುವ ಅಗ್ಗದ ಟ್ಯೂಬುಗಳಲ್ಲೇ ಕೆಲಸ ಮುಗಿಸುವವರೂ ಇದ್ದಾರೆ. ಅವು ಮತ್ತೆ ಮೈಯೊಳಗೆ ಚುಚ್ಚುವ ವಸ್ತುವಿಗೆ ಮಾಡಿದವಲ್ಲ.

ಫಲದ ಬಗ್ಗೆ ಪ್ರಾಮಾಣಿಕ ಮಾತು ಇಷ್ಟು. ಆರಂಭದ ಹಂತದ ವಂಶದ ತೆಳುವಾಗುವಿಕೆಯಲ್ಲಿ ಕೂದಲಿನ ಸಂಖ್ಯೆ, ದಪ್ಪ ಒಂದಿಷ್ಟು ಹೆಚ್ಚಿದ್ದನ್ನು ಹಲವು ಅಧ್ಯಯನಗಳು ತೋರಿಸಿವೆ, ತೋರಿಸದವೂ ಇವೆ. ಬಹುಪಾಲು ಸಣ್ಣವು, ಪ್ರತಿಯೊಬ್ಬರ ತಯಾರಿಕೆಯೂ ಬೇರೆ. ಹೊಳೆಯುವ ಬೋಳಿನಲ್ಲಿ ಕೂದಲು ಎಬ್ಬಿಸುವ ಶಕ್ತಿ ಇದಕ್ಕಿಲ್ಲ. ತಿಂಗಳಿಗೊಂದರಂತೆ ಮೂರು ನಾಲ್ಕು ಸಿಟ್ಟಿಂಗ್, ಫಲ ಬಂದರೆ ಆಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಂದು. ಬಿಟ್ಟರೆ ನಿಧಾನವಾಗಿ ಇಳಿಯುತ್ತದೆ. ಮಿನಾಕ್ಸಿಡಿಲ್ ಜೊತೆಗೆ ಮಾಡಿಸಿದರೆ ಹೆಚ್ಚು ಪ್ರಯೋಜನ, ಅದನ್ನು ಬಿಟ್ಟು ಇದೊಂದನ್ನೇ ನೆಚ್ಚುವುದು ಬೇಡ. ಆದ್ದರಿಂದ ಎಂಟರ ಪ್ಯಾಕೇಜು ಬೇಡ, ಒಂದೊಂದಕ್ಕೇ ದುಡ್ಡು ಕೊಡಿ, ಮೂರರ ನಂತರ ಫೋಟೋ ನೋಡಿ ನಿರ್ಧರಿಸಿ ಎಂದೆವು. ಹಳೆಯ ಕ್ಲಿನಿಕ್ ಜೊತೆಗೆ ಎಕ್ಸೋಸೋಮ್ (ಜೀವಕೋಶಗಳು ಹೊರಬಿಡುವ ಸೂಕ್ಷ್ಮ ಕಣಗಳು) ಕೂಡ ಸೇರಿಸಲು ಹೇಳಿತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂದಲಿಗೆಂದು ಯಾವ ಎಕ್ಸೋಸೋಮ್ ಉತ್ಪನ್ನಕ್ಕೂ ಒಪ್ಪಿಗೆ ಕೊಟ್ಟಿಲ್ಲ. ಅದರ ಹತ್ತಿರ ಹೋಗಬೇಡಿ ಎಂದು ಸ್ಪಷ್ಟವಾಗಿ ಹೇಳಿದೆವು.

ಸುರಕ್ಷತೆಯ ವಿಷಯದಲ್ಲಿ ನಾವು ಸಂಕೋಚ ಬಿಡಿ ಎಂದು ಒತ್ತಾಯವನ್ನೇ ಮಾಡಿದೆವು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಪರವಾನಗಿ ಇಲ್ಲದ ಸ್ಪಾ ಒಂದರಲ್ಲಿ ಮುಖಕ್ಕೆ ಪಿಆರ್‌ಪಿ ಮಾಡಿಸಿಕೊಂಡವರಿಗೆ ಎಚ್‌ಐವಿ ತಗಲಿದ್ದು 2018ರಲ್ಲಿ ಬೆಳಕಿಗೆ ಬಂತು. ಹೆಸರು ಬರೆಯದ ರಕ್ತದ ಟ್ಯೂಬುಗಳು ಅಡುಗೆಮನೆಯ ಕಟ್ಟೆಯ ಮೇಲೆ, ಫ್ರಿಜ್ಜಿನಲ್ಲಿ ಆಹಾರದ ಜೊತೆ ಸಿಕ್ಕವು. ಸ್ವಂತ ರಕ್ತ, ಹಾಗಾಗಿ ಅಪಾಯವಿಲ್ಲ ಎನ್ನುವ ಮಾತು ಆ ರಕ್ತ ನಿಜಕ್ಕೂ ನಮ್ಮದೇ ಆಗಿದ್ದರೆ, ಸೂಜಿ ಹೊಸದಾಗಿದ್ದರೆ ಮಾತ್ರ ನಿಲ್ಲುತ್ತದೆ. ಕಿಟ್ಟಿನ ಸೀಲು ನಿಮ್ಮೆದುರೇ ಒಡೆಯಲಿ. ಟ್ಯೂಬಿನ ಮೇಲೆ ನಿಮ್ಮ ಹೆಸರನ್ನು ಆಗಲೇ ಬರೆಯಲಿ. ಒಂದೇ ಹೊತ್ತಿಗೆ ಇಬ್ಬರ ಟ್ಯೂಬು ಯಂತ್ರದಲ್ಲಿದ್ದರೆ ಕೇಳಿ. ಗೋಡೆಯ ಮೇಲೆ ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಇದೆಯೇ, ಚುಚ್ಚುವವರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತ ಚರ್ಮವೈದ್ಯರೇ ಎಂದು ನೋಡಿ. ಬಿಳಿ ಕೋಟು ಹಾಕಿದ ಸಲಹೆಗಾರರು ಸೂಜಿ ಹಿಡಿದರೆ ಎದ್ದು ಬನ್ನಿ.

ಸುಮಾ ಬೇರೆ ಚರ್ಮವೈದ್ಯರಲ್ಲಿ ಸಿಟ್ಟಿಂಗಿಗೆ 6,000ದಂತೆ ಮೂರು ಮಾಡಿಸಿದರು. ಸೊಂಟನೋವಿಗೆ ಆಗಾಗ ನುಂಗುತ್ತಿದ್ದ ಡೈಕ್ಲೋಫೆನಾಕನ್ನು ವಾರ ಮೊದಲೇ ನಿಲ್ಲಿಸಿದ್ದರು. ಇಂಥ ನೋವಿನ ಮಾತ್ರೆ ಪ್ಲೇಟ್‌ಲೆಟ್‌ನ ಕೆಲಸವನ್ನೇ ಕುಂದಿಸುತ್ತದೆ, ಬೇಕಾದರೆ ಪ್ಯಾರಾಸಿಟಮಾಲ್ ಸಾಕು. (ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಮಾತ್ರ ತಮ್ಮ ವೈದ್ಯರನ್ನು ಕೇಳದೆ ನಿಲ್ಲಿಸಲೇಬಾರದು.) ತಿಂಡಿ ತಿಂದು ಹೋಗಿ ಎಂದಿದ್ದೆವು, ಗುರುವಾರದ ಉಪವಾಸ ಮಾಡಿ ಹೋಗಿ ಎರಡನೆಯ ಸಲ ಕುರ್ಚಿಯಲ್ಲೇ ಕಣ್ಣು ಕತ್ತಲೆ ಬಂತು. ಅರಿವಳಿಕೆ ಚುಚ್ಚಿದರೂ ಹಣೆಯಂಚಿನಲ್ಲಿ ನೋವಾಯಿತು. ಮರುದಿನ ಹಣೆ ಊದಿ ಎರಡು ದಿನಕ್ಕೆ ಇಳಿಯಿತು, ಇದು ಸಾಮಾನ್ಯ. ಅವತ್ತು ತಲೆಸ್ನಾನ ಇಲ್ಲ, ಮಿನಾಕ್ಸಿಡಿಲ್ ಎರಡು ದಿನ ಬಿಟ್ಟು. ಜ್ವರ, ಕೀವು, ದಿನೇ ದಿನೇ ಹೆಚ್ಚುವ ಕೆಂಪು ಕಂಡರೆ ಕಾಯದೆ ಹೋಗಬೇಕಿತ್ತು, ಅಂಥದ್ದೇನೂ ಆಗಲಿಲ್ಲ.

ಮಾರ್ಚಿನ ಫೋಟೋದಲ್ಲಿ ಬೈತಲೆ ಮದುವೆಯ ಫೋಟೋದಷ್ಟು ಸಣ್ಣದಾಗಿರಲಿಲ್ಲ, ಹಿಂದಿನ ಆಗಸ್ಟಿಗಿಂತ ಖಂಡಿತ ಸಣ್ಣದಾಗಿತ್ತು. ಅದರಲ್ಲಿ ಪಿಆರ್‌ಪಿಯ ಪಾಲೆಷ್ಟು, ಮಿನಾಕ್ಸಿಡಿಲ್‌ನ ಪಾಲೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ ಎಂದು ಹೇಳಿದಾಗ ಅವರು ನಕ್ಕು, "ಹೂ ನಿಲ್ತದ, ಅಷ್ಟು ಸಾಕು" ಎಂದರು. ಮುಂದಿನ ಸಿಟ್ಟಿಂಗ್ ಯಾವಾಗ ಎಂಬ ಮಾತಿಗೆ ಮೊದಲು ನಾವು ಕೇಳಿದ್ದು ಎರಡನೆಯ ಮಗುವಿನ ಯೋಚನೆ ಇದೆಯೇ ಎಂದು. ಇತ್ತು, ಇದೇ ವರ್ಷ. ಬಸಿರಿನಲ್ಲಿ ಮಿನಾಕ್ಸಿಡಿಲ್ ಹಚ್ಚಬಾರದು, ಪಿಆರ್‌ಪಿಯನ್ನೂ ಮಾಡಿಸುವುದಿಲ್ಲ. ಹೆರಿಗೆಯಾಗಿ ಮೂರನೆಯ ತಿಂಗಳಿಗೆ ಮತ್ತೆ ಹಿಡಿ ಹಿಡಿ ಉದುರಬಹುದು ಎಂದು ಈಗಲೇ ತಿಳಿಸಿ, ಕಬ್ಬಿಣದ ಪರೀಕ್ಷೆಯ ದಿನಾಂಕವನ್ನು ಅವರ ಡೈರಿಯಲ್ಲಿ ಬರೆಸಿ ಕಳಿಸಿದೆವು.