ಬೋರ್ಡ್ ಕೆಟ್ಟಾಗ ಕೈಯಲ್ಲಿರುವ ಸೆಟ್

ಪ್ರಶ್ನೆ: ಪೋಕರ್‌ನ ಹೋಲ್ಡೆಮ್ ಆಟ (ಪ್ರತಿಯೊಬ್ಬರಿಗೂ ಎರಡೆಲೆ, ಬೋರ್ಡ್‌ನಲ್ಲಿ ಅಂದರೆ ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದೆಲೆ). ಕೈಯಲ್ಲಿ ಸ್ಪೇಡ್ 9, ಡೈಮಂಡ್ 9. ಫ್ಲಾಪ್‌ನಲ್ಲಿ (ಬೋರ್ಡ್‌ನ ಮೊದಲ ಮೂರೆಲೆ) ಹಾರ್ಟ್ 9, ಹಾರ್ಟ್ 6, ಕ್ಲಬ್ 2 ಬಂದವು, ಅಂದರೆ ಮೂರು 9ರ ಸೆಟ್ ಆಯಿತು. ಪಾಟ್‌ನಲ್ಲಿ (ನಡುವೆ ಸೇರಿದ ಪಣ) 120 ಚಿಪ್ಸ್ ಇತ್ತು. ನಾನು 80 ಹಾಕಿದ್ದಕ್ಕೆ ಒಬ್ಬರೇ ಕಾಲ್ ಮಾಡಿದರು (ತಾವೂ ಅಷ್ಟೇ ಹಾಕಿದರು). ಟರ್ನ್‌ಗೆ (ನಾಲ್ಕನೇ ಎಲೆ) ಹಾರ್ಟ್ ರಾಣಿ ಬಿತ್ತು. ಈಗ ಪಾಟ್ 280, ಇಬ್ಬರ ಬಳಿಯೂ 400 ಉಳಿದಿದೆ. ಮೊದಲ ಸರದಿ ನನ್ನದು. ಆಲ್-ಇನ್ ಹೋಗಬೇಕೇ (ಇರುವುದೆಲ್ಲ ಇಡಬೇಕೇ), ಚೆಕ್ ಮಾಡಬೇಕೇ (ಏನೂ ಹಾಕದೆ ಸರದಿ ದಾಟಿಸಬೇಕೇ)?

ಉತ್ತರ: ಎರಡೂ ಬೇಡ. 140 ಹಾಕಿ.

ಪಾಟ್ 280 ಇರುವಾಗ 400 ಇಟ್ಟರೆ ಕಾಲ್ ಮಾಡುವವರು ಯಾರು? ಫ್ಲಶ್ (ಒಂದೇ ಗುರುತಿನ ಐದೆಲೆ, ಸೆಟ್‌ಗಿಂತ ಮೇಲು) ಆದವರು ಬಿಡುವುದಿಲ್ಲ. ನಿಮಗೆ ಸೋಲುತ್ತಿರುವ ಜೋಡಿಗಳೆಲ್ಲ ಜಾಗ ಖಾಲಿ ಮಾಡುತ್ತವೆ. ಹೆದರಿಕೆಯ ಆಲ್-ಇನ್ ಅಂದರೆ ಇದೇ: ಹಣ ಕೊಡಬೇಕಾದವರನ್ನು ಓಡಿಸಿ, ಹಣ ಕೀಳುವವರನ್ನು ಉಳಿಸಿಕೊಳ್ಳುವುದು.

ಎದುರಾಳಿಯ ಕೈಗಳನ್ನು ಎಣಿಸೋಣ. ಬೋರ್ಡ್‌ನ ಮೂರು ಕಳೆದರೆ ಉಳಿದ ಹಾರ್ಟ್ 10. ಅವುಗಳಿಂದ ಎರಡೆಲೆಯ 45 ಕೈಗಳಾಗುತ್ತವೆ. ಆದರೆ 10-3, 7-2ರಂಥವನ್ನು ಆಡುವವರು ಕಡಿಮೆ. ಎಕ್ಕ ಇರುವ ಒಂಬತ್ತು ಕೈಗಳು, ಗುಲಾಮ-10, 8-7ರಂಥ ಅಕ್ಕಪಕ್ಕದವು ಸೇರಿಸಿದರೆ ಹದಿನೈದರಿಂದ ಇಪ್ಪತ್ತು ಎಂದಿಟ್ಟುಕೊಳ್ಳಿ. ಇನ್ನೊಂದು ಕಡೆ 10-10, ಗುಲಾಮನ ಜೋಡಿ, 8-8, 7-7 ತಲಾ 6 ಬಗೆ, 6-6 ಮತ್ತು 2-2 ತಲಾ 3 ಬಗೆ. ಎಕ್ಕ-9 ಮಾತ್ರ ಬರೀ 4. ನಾಲ್ಕು 9ಗಳಲ್ಲಿ ಎರಡು ನಿಮ್ಮ ಕೈಯಲ್ಲಿ, ಒಂದು ಬೋರ್ಡ್‌ನಲ್ಲಿ ಇರುವುದೇ ಕಾರಣ. ಫ್ಲಾಪ್‌ನಲ್ಲಿ ದೊಡ್ಡ ಎಲೆಯ ಸೆಟ್ ಸಿಕ್ಕಾಗ ಜನ ಮರೆಯುವುದು ಇದನ್ನೇ. ಕಾಲ್ ಮಾಡಲು ಒಳ್ಳೆಯ ಜೋಡಿ ಉಳಿದಿರುವುದೇ ಕಡಿಮೆ, ಹಾಗಾಗಿ ಕಾಲ್ ಮಾಡಿದವರಲ್ಲಿ ಫ್ಲಶ್ಶಿನ ಆಸೆಯವರ ಪಾಲು ಎಂದಿಗಿಂತ ಹೆಚ್ಚು. ಆದರೂ ಒಟ್ಟು ಲೆಕ್ಕದಲ್ಲಿ ಮುಂದಿರುವವರು ನೀವೇ.

140ರ ಬೆಲೆ ಏನು ಮಾಡುತ್ತದೆ ನೋಡಿ. ಎದುರಾಳಿ ಬಳಿ ಗುಲಾಮನ ಜೋಡಿ, ಅದರಲ್ಲೊಂದು ಹಾರ್ಟ್ ಎನ್ನಿ. ಅವರನ್ನು ಗೆಲ್ಲಿಸುವ ಎಲೆಗಳು ಉಳಿದ 44ರಲ್ಲಿ 10: ಎಂಟು ಹಾರ್ಟ್, ಎರಡು ಗುಲಾಮ. (ಹಾರ್ಟ್ 2 ಬಂದರೆ ಬೋರ್ಡ್‌ನಲ್ಲಿ ಜೋಡಿಯಾಗಿ ನಿಮಗೇ ಫುಲ್ ಹೌಸ್, ಅಂದರೆ ಒಂದು ಅಂಕಿಯ ಮೂರು, ಇನ್ನೊಂದರ ಎರಡು; ಇದು ಫ್ಲಶ್‌ಗಿಂತ ಮೇಲು.) ಅಂದರೆ ಶೇ. 23ಕ್ಕೂ ಕಡಿಮೆ. ಅವರ 140 ಸೇರಿ 560 ಆಗುವ ಪಾಟ್‌ಗಾಗಿ 140 ಕೊಡಲು ಗೆಲ್ಲುವ ಸಾಧ್ಯತೆ ಶೇ. 25 ಬೇಕು. ಚೆಕ್ ಮಾಡಿದರೆ ಇದೇ ಎಲೆಯನ್ನು ಪುಕ್ಕಟೆ ನೋಡುತ್ತಾರೆ.

ಅವರು ತಿರುಗಿ 400 ಪೂರ್ತಿ ಇಟ್ಟರೆ? 1080ರ ಪಾಟ್‌ಗೆ ನೀವು ಇನ್ನು 260 ಕೊಡಬೇಕು, ಅದಕ್ಕೆ ಶೇ. 24 ಬೇಕು. ಫ್ಲಶ್ ಇದ್ದೇ ಇದೆ ಎಂದುಕೊಂಡರೂ ನಿಮ್ಮನ್ನು ಕಾಪಾಡುವ ಎಲೆಗಳು 10: ಒಂದು 9, ಮೂರು 6, ಮೂರು 2, ಮೂರು ರಾಣಿ. ಅವರ ಕೈಯಲ್ಲಿ ಹಾರ್ಟ್ 2 ಇದ್ದರೆ ಒಂದು ಕಡಿಮೆ. ಸುಮಾರು ಶೇ. 22.7. ಕೊರತೆ ಕೂದಲೆಳೆಯಷ್ಟು. ಆಗೊಮ್ಮೆ ಈಗೊಮ್ಮೆ 6-6 ಅಥವಾ ಸುಳ್ಳು ರೈಸ್ (ಬಲವಿಲ್ಲದ ಕೈಯಲ್ಲಿ ಬೆಟ್ ಏರಿಸುವುದು) ಇದ್ದರೆ ಸಾಕು, ಕೊರತೆ ತುಂಬಿ ಲಾಭವಾಗುತ್ತದೆ. ಕಾಲ್ ಮಾಡಿ.

ಇಬ್ಬರ ಬಳಿಯೂ 2000 ಇದ್ದರೆ ಮಾತು ಬೇರೆ. ನಿಮ್ಮ 140ಕ್ಕೆ ಅವರು 500 ಮಾಡಿದರೆ, 1280ರ ಪಾಟ್‌ಗೆ 360 ಕೊಡಬೇಕು, ಶೇ. 28. ಬರೀ ಪಾಟ್ ನೋಡಿದರೆ ಸಾಲದು. ಆದರೆ ಫುಲ್ ಹೌಸ್ ಆದಾಗ ರಿವರ್‌ನಲ್ಲಿ (ಐದನೇ, ಕೊನೆಯ ಎಲೆ) ಸರಾಸರಿ ಇನ್ನು 300ರಷ್ಟು ಸಿಗುವಂತಿದ್ದರೆ ಸರಿಹೋಗುತ್ತದೆ, ಹಿಂದೆ 1500 ಇರುವಾಗ ಅದು ಕಷ್ಟವಲ್ಲ. ಹಾಗಾಗಿ ಕಾಲ್ ಮಾಡಿ, ಮತ್ತೆ ರೈಸ್ ಮಾಡಬೇಡಿ. ರಿವರ್ ಕೈಕೊಟ್ಟರೆ ದೊಡ್ಡ ಬೆಟ್‌ಗೆ ಬಿಟ್ಟುಬಿಡಿ. ಹಾರ್ಟ್ 2 ಬಿಟ್ಟು ಬೇರೆ ನಾಲ್ಕನೇ ಹಾರ್ಟ್ ಬಿದ್ದರಂತೂ ಒಂದೇ ಒಂದು ಹಾರ್ಟ್ ಇದ್ದವರೂ ನಿಮ್ಮನ್ನು ಸೋಲಿಸುತ್ತಾರೆ. ಚೆಕ್ ಬಿಟ್ಟು ಬೇರೆ ದಾರಿಯಿಲ್ಲ. ಬೋರ್ಡ್ ಜೋಡಿಯಾದರೆ ನಾಚಿಕೆ ಬೇಡ, ದೊಡ್ಡದಾಗಿ ಹಾಕಿ. ಫ್ಲಶ್ ಹಿಡಿದವರು ಅಷ್ಟು ಸುಲಭವಾಗಿ ಫೋಲ್ಡ್ ಮಾಡುವುದಿಲ್ಲ (ಎಲೆ ಎಸೆಯುವುದಿಲ್ಲ).

ಪ್ರಶ್ನೆ: ಸ್ಪೇಡ್ ಎಕ್ಕ-ಗುಲಾಮ ಹಿಡಿದಿದ್ದೇನೆ. ಫ್ಲಾಪ್‌ನ ಮೂರೂ ಎಲೆ ಸ್ಪೇಡ್: ರಾಜ, 8, 3. ಟರ್ನ್‌ಗೆ ಡೈಮಂಡ್ 8 ಬಂದರೆ ಕೈ ತಡೆಯಬೇಕೇ?

ಉತ್ತರ: ಇಲ್ಲ. ನಿಮ್ಮನ್ನು ಸೋಲಿಸುವ ಕೈಗಳು ಒಟ್ಟು 19: ರಾಜನ ಜೋಡಿ 3, 3-3 ಮೂರು, 8-8 ಒಂದು, ರಾಜ-8 ಆರು, 8-3 ಆರು. 8-3 ಆಡುವವರು ಅಪರೂಪ. ರಾಜನ ಜೋಡಿ ಹಿಡಿದವರು ಸಾಮಾನ್ಯವಾಗಿ ಫ್ಲಾಪಿಗೂ ಮುನ್ನವೇ ಗದ್ದಲ ಮಾಡಿರುತ್ತಾರೆ. ಹಣ ಕೊಡುವ ಸಾಲು ಉದ್ದವಿದೆ: ಸಣ್ಣ ಫ್ಲಶ್‌ಗಳೇ 28 ಬಗೆ, ಜೊತೆಗೆ ಮೂರು 8 ಆದವರು. 8-7 ಹಿಡಿದವರಿಗೂ ರಿವರ್‌ನಲ್ಲಿ 10 ಎಲೆ ಸಿಗುತ್ತದೆ ಎಂಬುದೇ ಚೆಕ್ ಮಾಡದಿರಲು ಕಾರಣ. ಪಾಟ್‌ನ ಮೂರನೇ ಎರಡು ಪಾಲು ಹಾಕಿದರೆ ಅವರಿಗೆ ಶೇ. 28ಕ್ಕಿಂತ ಹೆಚ್ಚು ಬೇಕಾಗುತ್ತದೆ. ರೈಸ್ ಬಂದರೆ ಕಾಲ್ ಮಾಡಿ, ಅಲ್ಲಿಗೇ ನಿಲ್ಲಿಸಿ. ಸದಾ ಸುಮ್ಮನಿರುವ ಆಟಗಾರರು ಟರ್ನ್‌ನಲ್ಲಿ ರೈಸ್ ಮಾಡಿ ರಿವರ್‌ನಲ್ಲೂ ದೊಡ್ಡದು ಹಾಕಿದರೆ ಮಾತ್ರ ಫ್ಲಶ್ ಬಿಡುವ ಯೋಚನೆ ಮಾಡಬಹುದು.

ಪ್ರಶ್ನೆ: ರಾಣಿಯ ಜೋಡಿ ಇದೆ. ಬೋರ್ಡ್ 9-8-7, ಎದುರು ಇಬ್ಬರು. ಟರ್ನ್‌ಗೆ 6. ಇದೂ ಬಲವಾದ ಕೈ ತಾನೇ?

ಉತ್ತರ: ಫ್ಲಾಪಿಗೆ ಮುಂಚೆ ಹೌದು, ಈಗ ಅದು ಬರೀ ಒಂದು ಜೋಡಿ. ಯಾವುದೇ 10 ಅಥವಾ 5 ಇದ್ದವರಿಗೆ ಸ್ಟ್ರೇಟ್ (ಸಾಲಾಗಿ ಬರುವ ಐದೆಲೆ) ಆಗಿದೆ. ಸೆಟ್ ಹಿಡಿದವರಿಗೆ ಸೋತಾಗಲೂ 10 ಎಲೆಗಳ ಆಸರೆ ಇರುತ್ತದೆ. ನಿಮಗೆ ರಿವರ್‌ನಲ್ಲಿ ಇನ್ನೊಂದು ರಾಣಿ ಬಂದರೂ ಸ್ಟ್ರೇಟ್‌ನ ಮುಂದೆ ಅದು ಸೋಲುತ್ತದೆ. ಚೆಕ್ ಮಾಡಿ. ಒಬ್ಬರು ಬೆಟ್ ಮಾಡಿ ಇನ್ನೊಬ್ಬರು ಕಾಲ್ ಮಾಡಿದರೆ ಎಲೆ ಎಸೆಯಲು ಹಿಂಜರಿಯಬೇಡಿ.