ರಾತ್ರಿ ಹೊತ್ತು ಹಾಡು ಒಂದೇ ಕಡೆ ವಾಲಿದರೆ ಆಂಪ್ ಬದಲಿಸಬೇಕಿಲ್ಲ

ಸರ್, ರಾತ್ರಿ ಆಂಪ್‌ನ (ಆಂಪ್ಲಿಫೈಯರ್) ವಾಲ್ಯೂಮ್ ನಾಬ್ ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಒಂಬತ್ತು ಗಂಟೆಯ ಜಾಗ ದಾಟಿದರೆ ಮನೆಯವರು ಎದ್ದುಬಿಡ್ತಾರೆ, ಅದಕ್ಕಿಂತ ಕಡಿಮೆ ಇಟ್ಟರೆ ಹಾಡು ಎಡಗಡೆ ಸ್ಪೀಕರ್‌ಗೇ ವಾಲುತ್ತೆ ಅಂದಿದ್ದೀರಿ. ಫೋನ್‌ನಲ್ಲೇ ವಾಲ್ಯೂಮ್ ಇಳಿಸಿದರೆ ಕ್ವಾಲಿಟಿ ಹಾಳಾಗುತ್ತಾ ಅಂತಲೂ ಕೇಳಿದ್ದೀರಿ.

ಮೊದಲು ಆಂಪ್ ಆಫ್ ಮಾಡಿ, ಹಿಂದಿನ ಇನ್‌ಪುಟ್‌ನಲ್ಲಿ ಕೆಂಪು, ಬಿಳಿ ಕೇಬಲ್ ಅದಲುಬದಲು ಮಾಡಿ. ಆಮೇಲೂ ಎಡಗಡೆಗೇ ವಾಲಿದರೆ ತೊಂದರೆ ಆಂಪ್‌ನದ್ದು ಅಥವಾ ಅದರಿಂದಾಚೆಯದ್ದು. ಬಲಕ್ಕೆ ಹೋದರೆ ಡಾಕ್ (DAC, ಫೋನ್‌ನ ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಸಿಗ್ನಲ್ ಮಾಡಿಕೊಡೋ ಸಾಧನ) ಅಥವಾ ಕೇಬಲ್ ನೋಡಬೇಕು. ವಾಲ್ಯೂಮ್ ಏರಿಸಿದಂತೆ ಸರಿಹೋಗುತ್ತೆ ಅಂತೀರಲ್ಲ, ನನ್ನ ಅನುಮಾನ ಪಾಟ್ ಮೇಲೇ, ಅಂದ್ರೆ ವಾಲ್ಯೂಮ್ ನಾಬ್ ತಿರುಗಿಸೋ ಬಿಡಿಭಾಗದ ಮೇಲೆ. ಆ ನಾಬ್ ಹಿಂದೆ ಒಂದೇ ಕಡ್ಡಿಗೆ ಎರಡು ಕಾರ್ಬನ್ ಪಟ್ಟಿ ಇರುತ್ತೆ, ಚಾನೆಲ್‌ಗೊಂದು. ಶುರುವಿನಲ್ಲಿ ಎರಡೂ ಸರಿಸಮ ಇರೋದು ಅಪರೂಪ, ನಡುವಿಗೆ ಬಂದ ಮೇಲೆ ಜೊತೆಯಾಗಿ ಹೋಗ್ತವೆ.

ಹಾಗಾದರೆ ನಡುವಿನ ತನಕ ತಿರುಗಿಸೋಕೆ ಯಾಕಾಗಲ್ಲ? ಬರೋ ಸಿಗ್ನಲ್ ಅತಿಯಾಗಿದೆ. ಡಾಕ್‌ನ ಪೂರ್ತಿ ಔಟ್‌ಪುಟ್ ಸಾಮಾನ್ಯವಾಗಿ 2 ವೋಲ್ಟ್. ಹಳೇ ಆಂಪ್‌ಗಳಲ್ಲಿ ಎಷ್ಟೋ 200 ಮಿಲಿವೋಲ್ಟ್‌ಗೇ ಪೂರ್ತಿ ಪವರ್ ಕೊಟ್ಟುಬಿಡ್ತವೆ. ನಾಬ್ ಹನ್ನೆರಡು ಗಂಟೆಗೆ ಬಂದಾಗ ಲಾಗ್ ಪಾಟ್ (ಮೊದಲು ನಿಧಾನವಾಗಿ, ಆಮೇಲೆ ಬೇಗ ಏರೋ ಪಾಟ್) ಒಳಗೆ ಬಿಡೋದು ಬಂದ ಸಿಗ್ನಲ್‌ನ ಸುಮಾರು 10ರಿಂದ 15 ಪರ್ಸೆಂಟ್. 2 ವೋಲ್ಟ್‌ನಲ್ಲಿ 10 ಪರ್ಸೆಂಟ್ ಅಂದ್ರೆ ಅದೇ 200 ಮಿಲಿವೋಲ್ಟ್! ಅರ್ಧಕ್ಕೇ ಆಂಪ್ ಕಥೆ ಮುಗೀತು, ಮಿಕ್ಕ ಅರ್ಧ ತಿರುವು ಬರೀ ಡಿಸ್ಟಾರ್ಷನ್.

ಫೋನ್‌ನಲ್ಲಿ ಇಳಿಸೋದಕ್ಕೆ ಹೆದರಬೇಡಿ. 6 ಡೆಸಿಬೆಲ್ ಇಳಿಸಿದರೆ ಒಂದು ಬಿಟ್ ಹೋಗುತ್ತೆ, ಅಂದ್ರೆ ಹಾಡಿನ ಸೂಕ್ಷ್ಮ ವಿವರ ಅಷ್ಟು ಕಡಿಮೆಯಾಗುತ್ತೆ ಅನ್ನೋದು ನಿಜವೇ. ಆದರೆ 16 ಬಿಟ್‌ನ ಹಾಡು 24 ಬಿಟ್‌ನಲ್ಲಿ ಡಾಕ್‌ಗೆ ಹೋದರೆ 8 ಬಿಟ್, ಅಂದ್ರೆ 48 ಡೆಸಿಬೆಲ್ ಜಾಗ ಖಾಲಿ ಇರುತ್ತೆ. ತೊಂದರೆ ಕೊಡೋದು ಡಾಕ್‌ನ ಸ್ವಂತ ಸುಯ್ ಸದ್ದು: ಹಾಡು ಇಳಿದರೂ ಅದು ಇಳಿಯಲ್ಲ. ಅದಕ್ಕೇ ಇಳಿಸೋದನ್ನು 10-15 ಡೆಸಿಬೆಲ್‌ಗೆ ನಿಲ್ಲಿಸಿ.

ಆದರೂ ನಾನು ಆ ದಾರಿ ಬಿಟ್ಟೆ. ಒಮ್ಮೆ ಅಪ್‌ಡೇಟ್ ಆದ ಮೇಲೆ ವಾಲ್ಯೂಮ್ ತಾನಾಗೇ ಪೂರ್ತಿಗೆ ಹಾರಿತ್ತು, ಆಂಪ್ ನಾಬ್ ನಡುವಲ್ಲಿತ್ತು. ಪ್ಲೇ ಒತ್ತಿದ ಕ್ಷಣ ಕಿಟಕಿ ಗಾಜು ನಡುಗಿ, ಓಡಿಹೋಗಿ ಸ್ವಿಚ್ಚೇ ಆರಿಸಿದೆ. ಟ್ವೀಟರ್ (ಕೀಚಲು ಸ್ವರದ ಸಣ್ಣ ಸ್ಪೀಕರ್) ಉಳಿದದ್ದು ನನ್ನ ಪುಣ್ಯ.

ಫೋನ್ ಬದಲು ಆಂಪ್‌ಗೆ ಹೋಗೋ ಸಿಗ್ನಲ್ಲನ್ನೇ ತಗ್ಗಿಸೋಕೆ ಈಗ ರೆಸಿಸ್ಟರ್ ಹಾಕಿದ್ದೀನಿ. ಆ ಕೆಂಪು, ಬಿಳಿ ಕೇಬಲ್‌ನ ಆಂಪ್ ಕಡೆಯ ಆರ್‌ಸಿಎ ಪ್ಲಗ್ ಒಳಗೆ, ಸಿಗ್ನಲ್ ದಾರಿಯಲ್ಲಿ 6.8 ಕಿಲೋಓಮ್, ಅದಾದ ಮೇಲೆ ಪಿನ್‌ನಿಂದ ಗ್ರೌಂಡ್‌ಗೆ 3.3 ಕಿಲೋಓಮ್. ಎರಡೂ ಚಾನೆಲ್‌ಗೂ 1 ಪರ್ಸೆಂಟ್‌ನ ಮೆಟಲ್ ಫಿಲ್ಮೇ ಇರಲಿ, ಇಲ್ಲದಿದ್ದರೆ ವಾಲೋ ರೋಗ ಇಲ್ಲೇ ಹುಟ್ಟುತ್ತೆ. ಹತ್ತಿರ ಹತ್ತಿರ 10 ಡೆಸಿಬೆಲ್ ಇಳಿಯುತ್ತೆ. ಬೆಸುಗೆ ಬರಲ್ಲ ಅಂದ್ರೆ ಇದನ್ನೇ ರೆಡಿಮೇಡ್ ಅಟೆನ್ಯುಯೇಟರ್ ಅಂತ ಮಾರ್ತಾರೆ.

ಸಣ್ಣ ವಾಲ್ಯೂಮ್‌ನಲ್ಲಿ ಬಾಸ್ ಇಲ್ಲ ಅಂದಿರಲ್ಲ, ಅದು ಆಂಪ್ ತಪ್ಪಲ್ಲ, ನಮ್ಮ ಕಿವಿಯದ್ದು. ಸದ್ದು ತಗ್ಗಿದಾಗ ಕಿವಿಗೆ ಬಾಸ್ ಬೇಗ ಮಂಕಾಗುತ್ತೆ. ಫ್ಲೆಚರ್, ಮನ್ಸನ್ ಅನ್ನೋ ಸಂಶೋಧಕರು ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಲೌಡ್‌ನೆಸ್ ಬಟನ್ ಇರೋದೇ ಅದಕ್ಕೆ, ಸಂಕೋಚ ಬಿಟ್ಟು ಒತ್ತಿ.

ನಾಬ್ ತಿರುಗಿಸಿದಾಗ ಕರಕರ ಅಂದ್ರೆ ಆಂಪ್‌ನ ಕರೆಂಟ್ ಪ್ಲಗ್ ಕಿತ್ತು, ಪಾಟ್‌ಗೆ ಒಂದು ಹನಿ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಇಪ್ಪತ್ತು ಸಲ ತಿರುಗಿಸಿ. ತುಕ್ಕು ಬಿಡಿಸೋ ಸ್ಪ್ರೇ ಬೇಡ.

ಕೇಬಲ್ ಬದಲಿಸಿ ಯಾವ ಕಡೆ ವಾಲಿತು ಅಂತ ಇಲ್ಲೇ ಹಾಕಿ, ರೆಸಿಸ್ಟರ್ ತರೋದು ಆಮೇಲೆ.